ಹದಿಹರೆಯದ ಮನಸ್ಸಿಗೆ ಒಂದು ಆಸರೆ



ಬಹಳ ವರ್ಷಗಳ ಹಿಂದಿನ ಮಾತು. ನಾನು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಓದಿನಲ್ಲಿ ಚುರುಕು, ಕಬಡ್ಡಿಯಲ್ಲಿ ಮುಂದು. ದಸರಾ ರಜೆ ಮುಗಿಸಿ ಬಂದವನು ಬೇರೆಯೇ ಹುಡುಗನಾಗಿದ್ದ. ಹಿಂದಿನ ಬೆಂಚಿಗೆ ಹೋಗಿ ಕುಳಿತ. ಮನೆಗೆಲಸ ಮಾಡಿ ತರಲಿಲ್ಲ. ಕಾರಣ ಕೇಳಿದರೆ ಸಿಡುಕಿದ. "ಸೋಮಾರಿತನ ಹೆಚ್ಚಾಗಿದೆ ನಿನಗೆ" ಎಂದು ಇಡೀ ತರಗತಿಯ ಮುಂದೆ ಗದರಿಸಿದೆ. ತಂದೆಯನ್ನು ಕರೆಸಿ ದೂರು ಹೇಳಿದೆ. ಅವರು ಮನೆಯಲ್ಲಿ ಇನ್ನೂ ನಾಲ್ಕು ಮಾತು ಸೇರಿಸಿ ಬೈದರು. ಗೆಳೆಯರು ಆಟಕ್ಕೆ ಕರೆದು ಕರೆದು ಬೇಸತ್ತು ಸುಮ್ಮನಾದರು.

ಅವನನ್ನು ಬಿಡದೆ ಮಾತನಾಡಿಸುತ್ತಿದ್ದವರು ಒಬ್ಬರೇ, ನಮ್ಮ ಶಾಲೆಯ ಜವಾನರು. ದಿನವೂ ಸಂಜೆ ಗಂಟೆ ಹೊಡೆದ ಮೇಲೆ ಗೇಟಿನ ಬಳಿ ನಿಂತು, "ಏನಪ್ಪಾ, ಮಧ್ಯಾಹ್ನ ಊಟ ಮಾಡಿದ್ಯಾ?" ಎನ್ನುತ್ತಿದ್ದರು. ಹುಡುಗ ಉತ್ತರ ಕೊಡದಿದ್ದರೂ ಮರುದಿನ ಮತ್ತೆ ಕೇಳುತ್ತಿದ್ದರು. ಒಂದು ಸಂಜೆ ಅವನು ಅವರ ಮುಂದೆ ಅತ್ತುಬಿಟ್ಟ. ರಾತ್ರಿ ನಿದ್ದೆಯಿಲ್ಲ, ಬದುಕೇ ಬೇಡ ಎನಿಸುತ್ತದೆ ಎಂದ. ಅವರು ಅವನನ್ನು ಒಂಟಿಯಾಗಿ ಬಿಡದೆ ಮುಖ್ಯೋಪಾಧ್ಯಾಯರ ಬಳಿಗೆ ಕರೆದುಕೊಂಡು ಹೋದರು. ಮನೋವೈದ್ಯರು ಪರೀಕ್ಷಿಸಿ ಇದು ಖಿನ್ನತೆ ಎಂದರು. ಚಿಕಿತ್ಸೆ ದೊರೆಯಿತು, ಹುಡುಗ ಚೇತರಿಸಿಕೊಂಡ. ಆದರೆ ದಿನಕ್ಕೊಂದು ಗಂಟೆ ಅವನೆದುರು ನಿಂತು ಪಾಠ ಹೇಳುತ್ತಿದ್ದ ನನಗೆ ಕಾಣದ್ದು ಜವಾನರಿಗೆ ಹೇಗೆ ಕಂಡಿತು ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಖಿನ್ನತೆ ಎಂದರೆ ಒಂದೆರಡು ದಿನದ ಬೇಸರವಲ್ಲ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ನಿದ್ದೆ ಮತ್ತು ಹಸಿವು ಏರುಪೇರಾಗುವುದು, ತಾನು ಯಾವುದಕ್ಕೂ ಪ್ರಯೋಜನವಿಲ್ಲ ಎನಿಸುವುದು ಇದರ ಮುಖ್ಯ ಲಕ್ಷಣಗಳು. ಹದಿಹರೆಯದವರಲ್ಲಿ ಇದು ದುಃಖಕ್ಕಿಂತ ಹೆಚ್ಚಾಗಿ ಸಿಡುಕಿನ ರೂಪದಲ್ಲಿ ಕಾಣಿಸಿಕೊಳ್ಳಬಹುದು. ಕೆಲವರು ಪದೇ ಪದೇ ತಲೆನೋವು, ಹೊಟ್ಟೆನೋವು ಎನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡ 7ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಐವತ್ತು ಮಕ್ಕಳ ತರಗತಿಯಲ್ಲಿ ಇದು ಮೂರು ನಾಲ್ಕು ಮಕ್ಕಳಾಯಿತು.

ಈ ಮಕ್ಕಳಿಗೆ ಸುತ್ತಲಿನವರ ಆಸರೆ ಎಷ್ಟರಮಟ್ಟಿಗೆ ನೆರವಾಗುತ್ತದೆ? 1983ರಿಂದ 2014ರವರೆಗಿನ 341 ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಒಂದು ವಿಮರ್ಶೆ ಇದನ್ನು ಪರಿಶೀಲಿಸಿದೆ. ತನಗೆ ಆಸರೆಯಿದೆ ಎಂದು ಭಾವಿಸುವ ಮಕ್ಕಳಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆ ಎಂಬುದು ಅದರಲ್ಲಿ ಕಂಡುಬಂತು. ಆಸರೆ ಎರಡು ಬಗೆಯಲ್ಲಿ ಕೆಲಸ ಮಾಡಬಹುದು. ಕಷ್ಟವಿಲ್ಲದ ದಿನಗಳಲ್ಲಿಯೂ ಮನಸ್ಸನ್ನು ಗಟ್ಟಿಯಾಗಿಡುತ್ತದೆ. ಕೆಲವರಿಗೆ ಕಷ್ಟ ಬಂದಾಗ ಅದರ ಪೆಟ್ಟನ್ನು ತಗ್ಗಿಸಲೂಬಹುದು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ನಾವು ಕೊಟ್ಟೆವು ಎಂದುಕೊಂಡದ್ದೆಲ್ಲ ಆಸರೆಯಲ್ಲ, ಮಗುವಿಗೆ ಹಾಗೆನಿಸಬೇಕು. ಟ್ಯೂಷನ್ನಿಗೆ ಹಣ ಕಟ್ಟುತ್ತೇವೆ, ಕೇಳಿದ ಬಟ್ಟೆ ಕೊಡಿಸುತ್ತೇವೆ. ಅದೇ ಬಾಯಲ್ಲಿ "ಪಕ್ಕದ ಮನೆಯ ಹುಡುಗನನ್ನು ನೋಡಿ ಕಲಿ" ಎನ್ನುತ್ತೇವೆ. ತಂದೆತಾಯಿಯರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಅಂಕಪಟ್ಟಿಯನ್ನು ಹಿಡಿದುಕೊಂಡು ಬಂದ ಪ್ರೀತಿ ಆ ಮಗುವಿಗೆ ತಲುಪುವುದಿಲ್ಲ.

ಇನ್ನೊಂದು ತೊಡಕೂ ಇದೆ. ಖಿನ್ನತೆಯು ಆಸರೆ ಕೊಡಬಲ್ಲವರನ್ನೇ ದೂರ ಮಾಡುತ್ತದೆ. ಹುಡುಗ ಸಿಡುಕುತ್ತಾನೆ, ನಾವು ಕೋಪಗೊಳ್ಳುತ್ತೇವೆ. ಹುಡುಗಿ ಮಾತು ಬಿಡುತ್ತಾಳೆ, ಗೆಳತಿಯರು ಇವಳಿಗೆ ಜಂಬ ಎನ್ನುತ್ತಾರೆ. ಒಬ್ಬೊಬ್ಬರಾಗಿ ಎಲ್ಲರೂ ಹಿಂದೆ ಸರಿದಾಗ, ತಾನು ಯಾರಿಗೂ ಬೇಡವಾದೆ ಎಂಬ ಅನುಮಾನ ಮಗುವಿನ ಮನಸ್ಸಿನಲ್ಲಿ ನಿಜವೇ ಆಗಿಬಿಡುತ್ತದೆ. ಈ ಸುತ್ತನ್ನು ಕಡಿಯುವುದು ಮಗುವಿನ ಕೈಯಲ್ಲಿಲ್ಲ, ಹಿರಿಯರಾದ ನಮ್ಮ ಕೈಯಲ್ಲಿದೆ. ಉತ್ತರ ಬರದಿದ್ದರೂ ನಾಳೆ ಮತ್ತೆ ಕೇಳಬೇಕು. ಜವಾನರು ಮಾಡಿದ್ದು ಇಷ್ಟೇ.

ಇದಕ್ಕೆ ಬಿಹಾರದ ನಳಂದ ಜಿಲ್ಲೆಯಲ್ಲಿ ಒಂದು ನಿದರ್ಶನವಿದೆ. ಅಲ್ಲಿನ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ಸೆಹರ್ ಎಂಬ ಪ್ರಯೋಗ ನಡೆಯಿತು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಿಗೆ ತರಬೇತಿ ಪಡೆದ ಸಾಮಾನ್ಯ ಆಪ್ತಸಲಹೆಗಾರರನ್ನು ಕೊಟ್ಟರು. ಅವರು ವೈದ್ಯರಲ್ಲ. ಮಕ್ಕಳು ತಮ್ಮ ದೂರು ದುಮ್ಮಾನ ಬರೆದು ಹಾಕಲು ಪೆಟ್ಟಿಗೆ, ಗೋಡೆ ಪತ್ರಿಕೆ, ಮಕ್ಕಳ ಗುಂಪುಗಳು, ಬೇಕಾದವರಿಗೆ ಏಕಾಂತದಲ್ಲಿ ಮಾತು ಇವು ಕಾರ್ಯಕ್ರಮದ ಭಾಗಗಳಾಗಿದ್ದವು. ಆ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಮಕ್ಕಳಲ್ಲಿ ಖಿನ್ನತೆಯ ಲಕ್ಷಣಗಳು ಇಳಿದವು. ಬೇರೆ ಕೆಲವು ಶಾಲೆಗಳಲ್ಲಿ ಅದೇ ಕಾರ್ಯಕ್ರಮವನ್ನು ಶಿಕ್ಷಕರಿಗೆ ವಹಿಸಿದಾಗ ಆ ಫಲ ಸಿಗಲಿಲ್ಲ. ಶಿಕ್ಷಕರನ್ನು ದೂರುವುದು ನನ್ನ ಉದ್ದೇಶವಲ್ಲ, ನಾನೂ ಆ ವರ್ಗದವನೇ. ಪಾಠ ಮುಗಿಸುವ, ಅಂಕ ಹಾಕುವ ಹೊರೆ ಹೊತ್ತವನ ಮುಂದೆ ಮಗು ಮನಸ್ಸು ಬಿಚ್ಚುವುದು ಕಷ್ಟ ಎಂದು ನನಗೆ ತೋರುತ್ತದೆ.

ಹಾಗಾದರೆ ನಾವು ಮಾಡಬೇಕಾದುದೇನು? ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಒಟ್ಟಿಗೆ ಕುಳಿತು ಊಟ ಮಾಡಿ. ಆ ಹೊತ್ತಿನಲ್ಲಿ ಅಂಕದ ಮಾತು ಬೇಡ. ಮಗು ಹೇಳುವಾಗ ನಡುವೆ ಬುದ್ಧಿಮಾತು ತೂರಿಸಬೇಡಿ. "ಮನಸ್ಸು ಗಟ್ಟಿ ಮಾಡಿಕೋ" ಎನ್ನುವುದು ಕಾಲು ಮುರಿದವನಿಗೆ ಓಡು ಎಂದಂತೆ. "ಸಾಯಬೇಕು ಅನ್ನಿಸುತ್ತಿದೆಯೇ?" ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಹೇಳಿಕೊಳ್ಳಲು ದಾರಿಯಾಗುತ್ತದೆ. ಎಳೆಯ ಗೆಳೆಯರಿಗೂ ಒಂದು ಮಾತು: ಸ್ನೇಹಿತ ಸಾವಿನ ಮಾತಾಡಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿದರೂ, ನಂಬಿಕೆಯ ಹಿರಿಯರಿಗೆ ತಿಳಿಸಿ. ಅದು ದ್ರೋಹವಲ್ಲ.

ಆಸರೆಗೂ ಮಿತಿಯುಂಟು. ಪ್ರೀತಿಯೊಂದರಿಂದಲೇ ಖಿನ್ನತೆ ವಾಸಿಯಾಗುತ್ತದೆ ಎಂದು ಕಾಯುತ್ತ ಕೂರಬಾರದು. ಆಪ್ತಸಲಹೆ, ಅಗತ್ಯವಿದ್ದರೆ ಔಷಧಿ, ಎರಡೂ ಬೇಕಾಗಬಹುದು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿಯೂ ಇದೆ. ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಪ್ರಾಣಕ್ಕೆ ಅಪಾಯವಿದೆ ಎನಿಸಿದರೆ ಮಗುವನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಇತ್ತೀಚೆಗೆ ಮಾತು ಕಡಿಮೆ ಮಾಡಿದ ಮಗುವೊಂದು ಇರಬಹುದು. ಇಂದು ಸಂಜೆ "ಊಟ ಆಯ್ತಾ?" ಎಂದು ಕೇಳಿ. ಉತ್ತರ ಬರದಿದ್ದರೆ ನಾಳೆಯೂ ಕೇಳಿ.