ಬೆಂಕಿಗೂ ಕೈಗೂ ನಡುವೆ

ನಮ್ಮ ಕರಾವಳಿಯ ಜಾತ್ರೆಗಳಲ್ಲಿ ತೇರಿಗಿರುವ ಮರ್ಯಾದೆ ಬೆಡಿಗೂ ಉಂಟು. ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಗೆ ಹೋಗಿಬಂದವರನ್ನು ಮನೆಯವರು ಮೊದಲು ಕೇಳುವುದೇ 'ಬೆಡಿ ಹೇಗಿತ್ತು?' ಎಂದು. ಗಡಿಯಾಚೆಯ ಕುಂಬಳೆಯಲ್ಲಿ ಗೋಪಾಲಕೃಷ್ಣ ದೇವರ ಉತ್ಸವಕ್ಕೆ ಜನರ ಬಾಯಲ್ಲಿ 'ಕುಂಬಳೆ ಬೆಡಿ' ಎಂದೇ ಹೆಸರು. ಈ ಮೋಹ ಇಂದು ನಿನ್ನೆಯದಲ್ಲ. ಹೆರಾತಿನ ಅರಸ ಶಾರುಖನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಮಂಗಳೂರಿನಿಂದ ನೆಲದ ದಾರಿ ಹಿಡಿದು ವಿಜಯನಗರಕ್ಕೆ ಹೋದವನು, ಅಲ್ಲಿಯ ಮಹಾನವಮಿಯ ಬಾಣಬಿರುಸುಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಆದರೆ ನಾನು ಈ ಹೊತ್ತು ಆಡಬೇಕೆಂದಿರುವುದು ಆಕಾಶದಲ್ಲಿ ಅರಳುವ ಬೆಡಿಯ ಮಾತಲ್ಲ. ನೆಲದ ಮೇಲೆ ಅದಕ್ಕೆ ಬೆಂಕಿ ಕೊಡುವ ಕೈಯ ಮಾತು.

ನಾನು ಬೆಳೆದದ್ದು ಕಾಪುವಿನಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭದ ನೆರೆಯಲ್ಲಿ. ಜಾತ್ರೆಗಳಿಗೆ ಗರ್ನಾಲು ಸುಡಲು ಹೋಗುತ್ತಿದ್ದ ಅಜ್ಜನೊಬ್ಬರು ನಮ್ಮ ಕೇರಿಯಲ್ಲಿದ್ದರು. ಅವರ ಬಲಗೈಯಲ್ಲಿ ಎರಡು ಬೆರಳುಗಳಿರಲಿಲ್ಲ. ಮಕ್ಕಳಾದ ನಾವು ಕೇಳಿದರೆ, 'ದೇವರಿಗೆ ಕೊಟ್ಟೆ' ಎಂದು ನಕ್ಕುಬಿಡುತ್ತಿದ್ದರು. ಉದ್ದನೆಯ ಕೋಲಿನ ತುದಿಗೆ ಕೆಂಡ ಕಟ್ಟಿ, ಮೈಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಬತ್ತಿಗೆ ಮುಟ್ಟಿಸಿದವರೇ ಹಿಂದೆ ನೋಡದೆ ಓಡುವರು. ಬತ್ತಿ ಒಣಗಿದ್ದರೆ ಅವರು ಓಡಿ ಮುಗಿಸುವ ಮೊದಲೇ ಸದ್ದು. ಕಡಲ ಗಾಳಿಯ ತೇವ ಕುಡಿದಿದ್ದರೆ ಎಲ್ಲರೂ ಕಾಯಬೇಕು. ಆ ಕಾಯುವಿಕೆಯಲ್ಲೇ ಅವರ ಬೆರಳುಗಳು ಹೋದದ್ದೆಂದು ಬಹಳ ಕಾಲದ ಮೇಲೆ ತಿಳಿಯಿತು.

ಇದು ಲೋಕದ ಎಲ್ಲ ಕಡೆಯ ಕಷ್ಟ. ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿಗಳಲ್ಲಿ ಅವೇಳೆಯಲ್ಲಿ ಸಿಡಿದ ಮದ್ದಿಗೆ ಆಳುಗಳು ಬಲಿಯಾಗುತ್ತಿದ್ದುದನ್ನು ಕಂಡು ವಿಲಿಯಂ ಬಿಕ್‌ಫರ್ಡ್ 1831ರಲ್ಲಿ ಒಂದೇ ವೇಗದಲ್ಲಿ ಉರಿಯುವ ಬತ್ತಿಯನ್ನು ರೂಪಿಸಿದ. ಸರಿಸುಮಾರು ಅದೇ ಕಾಲದಲ್ಲಿ ಅಮೆರಿಕದ ರಾಬರ್ಟ್ ಹೇರ್, ಎಳೆತಂತಿಯೊಂದನ್ನು ವಿದ್ಯುತ್ತಿನಿಂದ ಕಾಯಿಸಿ ದೂರದಿಂದಲೇ ಮದ್ದಿಗೆ ಬೆಂಕಿ ತಗಲಿಸಿ ತೋರಿಸಿದ. ಇಂದಿನ ವಿದ್ಯುತ್ ಬತ್ತಿಯ ತತ್ತ್ವವೂ ಅಷ್ಟೇ. ಕೂದಲಿನಂಥ ತಂತಿ ಕಾಯುತ್ತದೆ, ಅದರ ಮೇಲಿನ ಮದ್ದಿನ ಬೊಟ್ಟು ಹೊತ್ತಿಕೊಳ್ಳುತ್ತದೆ.

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ಈ ತತ್ತ್ವ ನನ್ನ ತಲೆಗೆ ಹತ್ತಿತು. ಮಕರಸಂಕ್ರಾಂತಿಯ ಮೂರು ತೇರಿನ ರಾತ್ರಿ ಗುಡ್ಡದ ಮೇಲೆ ನಿಂತು ಉಡುಪಿಯ ಕಡೆಗೆ ನೋಡುತ್ತಿದ್ದೆವು. ಬಣ್ಣ ಅರಳಿ ಆರಿ, ಸುಮಾರು ಹದಿನೈದು ಸೆಕೆಂಡು ಕಳೆದ ಮೇಲೆ ಸದ್ದು ನಮ್ಮನ್ನು ತಲಪುತ್ತಿತ್ತು. ಸದ್ದು ಸೆಕೆಂಡಿಗೆ 340 ಮೀಟರು ನಡೆಯುತ್ತದೆಂದು ಲೆಕ್ಕ ಹಾಕಿ, ರಥಬೀದಿಗೆ ಐದು ಕಿಲೋಮೀಟರು ಎಂದು ನಾವೇ ಬೆನ್ನು ತಟ್ಟಿಕೊಂಡೆವು. ಲೆಕ್ಕ ಬಲ್ಲವರಿಗೆ ಬೆಂಕಿಯೂ ಅಧೀನವೆಂಬ ಭ್ರಮೆ ಹುಟ್ಟಿದ್ದು ಅಲ್ಲಿಯೇ.

ಮದ್ದು ಅರೆಯುವ ಕೆಲಸಕ್ಕೆ ನಾವು ಕೈಹಾಕಲಿಲ್ಲ; ಅದು ಪರವಾನಗಿ ಇದ್ದವರ ಕೆಲಸ. ನಮ್ಮದು ತಂತಿಯ ಹುಚ್ಚು ಮಾತ್ರ. ಮದ್ದಿನ ಜಾಗದಲ್ಲಿ ಟಾರ್ಚಿನ ಬಲ್ಬುಗಳನ್ನಿಟ್ಟು ತಿಂಗಳುಗಟ್ಟಲೆ ಅಭ್ಯಾಸ ಮಾಡಿದೆವು. ಬಲ್ಬುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿದರೆ, ಒಂದು ಕೊಂಡಿ ಕಳಚಿದರೂ ಎಲ್ಲವೂ ಕತ್ತಲು. ಪಕ್ಕಪಕ್ಕದಲ್ಲಿ ಜೋಡಿಸಿದರೆ, ಬ್ಯಾಟರಿ ಸೊರಗಿದಾಗ ಯಾವುದಕ್ಕೂ ಹೊಟ್ಟೆ ತುಂಬುವುದಿಲ್ಲ. ಕಾಪುವಿನ ಕಡಲ ದಂಡೆಗೆ ಒಯ್ದಾಗ ಮೂರನೆಯ ಪಾಠವಾಯಿತು: ಉಪ್ಪುಗಾಳಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಸಿ, ನಿನ್ನೆ ಹರಿದ ವಿದ್ಯುತ್ತನ್ನು ಇಂದು ತಡೆಯಿತು.

ಆ ವರ್ಷ ಕಾರ್ಕಳದ ಸಮೀಪದ ಒಂದು ಊರಿನ ಉತ್ಸವದಲ್ಲಿ, ಅಜ್ಜನನ್ನು ಕಾಡಿ ಬೇಡಿ, ಐದು ಕೊಳವೆಗಳಿಗೆ ನಮ್ಮ ತಂತಿ ಕಟ್ಟುವ ಒಪ್ಪಿಗೆ ಪಡೆದೆವು. ಗುಂಡಿ ಒತ್ತಿದ ಹಾಗೆ ನಾಲ್ಕು ಹಾರಿದವು. ನನ್ನ ಎದೆ ಹಿಗ್ಗಿತು. ಐದನೆಯದು ಮಾತ್ರ ಮೌನ. ಗೆಳೆಯ ಪರೀಕ್ಷೆಯ ದೀಪ ಹಚ್ಚಿ ನೋಡಿದ, ಹತ್ತಲಿಲ್ಲ. 'ತಂತಿ ಕಡಿದಿದೆ, ಈಗ ಸೇರಿಸಿ ಬರುತ್ತೇನೆ' ಎಂದು ಹೊರಟೇಬಿಟ್ಟ.

ಅಜ್ಜ ಆ ಮೂರು ಬೆರಳಿನ ಕೈಯಿಂದಲೇ ಅವನ ರಟ್ಟೆ ಹಿಡಿದರು. 'ನಿಲ್ಲು ಮಾರಾಯಾ. ಅದು ಸತ್ತದ್ದಲ್ಲ, ಮಲಗಿದ್ದು.'

'ಇಲ್ಲ ಅಜ್ಜ, ದೀಪ ಹತ್ತುವುದಿಲ್ಲ, ನೋಡಿ.'

'ನಿನ್ನ ದೀಪಕ್ಕೆ ಏನು ಗೊತ್ತುಂಟು?'

ನೂರು ಎಣಿಸುವಷ್ಟು ಹೊತ್ತು ಕಳೆದಿರಬಹುದು. ಯಾರೂ ಗುಂಡಿ ಮುಟ್ಟದಿದ್ದರೂ ಕೊಳವೆ ಗುಡುಗಿ ಐದನೆಯದು ಮೇಲೆದ್ದಿತು. ಜನ ಚಪ್ಪಾಳೆ ತಟ್ಟಿದರು. ನಾವಿಬ್ಬರೂ ಗದ್ದೆಯ ಬದುವಿನ ಮೇಲೆ ಕುಸಿದು ಕುಳಿತೆವು.

ಆ ರಾತ್ರಿ ನಿದ್ದೆ ಬಾರದೆ ಯೋಚಿಸಿದಾಗ ತಪ್ಪು ತಿಳಿಯಿತು. ತಂತಿ ಕಡಿದಿದ್ದರೂ ದೀಪ ಹತ್ತುವುದಿಲ್ಲ. ವಿದ್ಯುತ್ ಬತ್ತಿ ತನ್ನ ಕೆಲಸ ಮುಗಿಸಿ ಸುಟ್ಟುಹೋಗಿದ್ದರೂ ದೀಪ ಹತ್ತುವುದಿಲ್ಲ. ಎರಡಕ್ಕೂ ಉತ್ತರ ಒಂದೇ. ನಮ್ಮ ಬತ್ತಿ ಹೊತ್ತಿಯೇ ಇತ್ತು; ಅದರಾಚೆಯ ತೇವ ಹಿಡಿದ ಮದ್ದಿನ ಬತ್ತಿ ಒಳಗೊಳಗೇ ಕನಲುತ್ತಿತ್ತು. ಅಲ್ಲಿಂದ ಮುಂದೆ ನನ್ನ ನಿಯಮಗಳು ಬದಲಾದವು. ತಂತಿ ಕಟ್ಟುವವನ ಜೇಬಿನಲ್ಲೇ ಬೀಗದ ಕೈ ಇರಬೇಕು. ಗುಡುಗಿನ ಮೋಡ ಕಂಡರೆ ಕೆಲಸ ನಿಲ್ಲಿಸಬೇಕು, ಏಕೆಂದರೆ ದೂರದ ಮಿಂಚೂ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸಬಲ್ಲದು. ಹಾರದೆ ಉಳಿದದ್ದರ ಬಳಿಗೆ, ಬ್ಯಾಟರಿ ಕಳಚಿ ಅರ್ಧ ಗಂಟೆ ಕಳೆಯುವವರೆಗೆ, ಯಾರೂ ಹೋಗಕೂಡದು. ಹೋಗುವವನು ಪರಿಣತನಾಗಿರಬೇಕು, ಕೈಯಲ್ಲಿ ನೀರಿರಬೇಕು.

ಇಂದು ತಂತಿಯೇ ಇಲ್ಲದೆ, ಗಣಕಯಂತ್ರ ಹಾಡಿನ ತಾಳಕ್ಕೆ ಸರಿಯಾಗಿ ಬೆಂಕಿ ಕೊಡುತ್ತದೆ. ಸಂತೋಷವೇ. ಆದರೆ ಈ ಉಪಕರಣ ದೂರವನ್ನು ಕೊಡುವುದು ಬೆಂಕಿ ಕೊಡುವ ಒಬ್ಬನಿಗೆ. 2016ರ ಏಪ್ರಿಲ್ 10ರಂದು ಕೇರಳದ ಪರವೂರಿನ ಪುಟ್ಟಿಂಗಲ್ ದೇವಸ್ಥಾನದಲ್ಲಿ 100ಕ್ಕೂ ಹೆಚ್ಚು ಮಂದಿ ಸತ್ತದ್ದು, 2024ರ ಅಕ್ಟೋಬರಿನಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 150ಕ್ಕೂ ಹೆಚ್ಚು ಮಂದಿ ಗಾಯಗೊಂಡದ್ದು, ಬತ್ತಿ ಹಚ್ಚುವ ಕೈಯ ಬಳಿ ಅಲ್ಲ. ಕಿಡಿ ಹಾರಿ, ಕೂಡಿಟ್ಟ ಮದ್ದಿನ ಮೇಲೆ ಬಿದ್ದುದರಿಂದ. ಅದೇ 2024ರ ಜನವರಿ 28ರಂದು ಕಾರ್ಕಳಕ್ಕೆ ದೂರವಲ್ಲದ ವೇಣೂರಿನ ಬಳಿ ಮೂವರು ಸತ್ತದ್ದು ಮದ್ದು ತಯಾರಾಗುವಲ್ಲಿಯೇ. ಇವರಲ್ಲಿ ಯಾರನ್ನೂ ನನ್ನ ತಂತಿ ಉಳಿಸುತ್ತಿರಲಿಲ್ಲ. ಮದ್ದಿಗೂ ಮಂದಿಗೂ ನಡುವೆ, ಹಾರುವ ಬೆಡಿಗೂ ಇಟ್ಟ ಬೆಡಿಗೂ ನಡುವೆ ಅಂತರವನ್ನು ಮನುಷ್ಯನೇ ಅಳೆದು ಇಡಬೇಕು.

ಅಜ್ಜ ಈಗಿಲ್ಲ. ಜಾತ್ರೆಯಲ್ಲಿ ಬೆಡಿ ಆರಂಭವಾದಾಗ ಎಲ್ಲರೂ ಮೇಲೆ ನೋಡುತ್ತಾರೆ. ನನ್ನ ಕಣ್ಣು ಮಾತ್ರ ಕೆಳಗೆ, ಕತ್ತಲೆಯಲ್ಲಿ ಸರಿದಾಡುವ ಆ ನಾಲ್ಕಾರು ಜನರನ್ನು ಹುಡುಕುತ್ತದೆ. ಕೊನೆಯ ಸದ್ದು ಆರಿದ ಮೇಲೆ ಅವರನ್ನು ಒಮ್ಮೆ ಎಣಿಸುತ್ತೇನೆ. ಲೆಕ್ಕ ಸರಿಯಾದರೆ ಮನೆಗೆ ಹೊರಡುತ್ತೇನೆ.