ಲೆಕ್ಕ ಒಪ್ಪಿಸಿ ಹೊರಟ ನ್ಯಾಯಾಧೀಶೆ



ಅಧಿಕಾರದಲ್ಲಿರುವವರಿಗೆ ಹಾರ ಹಾಕುವ ಪದ್ಧತಿ ಎಲ್ಲ ಊರುಗಳಲ್ಲಿಯೂ ಇದೆ. ಕುರ್ಚಿ ಬಿಟ್ಟು ಹೊರಡುವವರನ್ನು, ಅವರಿಂದ ಇನ್ನು ಯಾವ ಕೆಲಸವೂ ಆಗಬೇಕಾಗಿಲ್ಲದ ಹೊತ್ತಿನಲ್ಲಿ, ಸ್ಮರಿಸುವವರು ಕಡಮೆ. 2014ರಲ್ಲಿ ಜಿನೀವಾದಲ್ಲಿ ಅಂಥದೊಂದು ಬೀಳ್ಕೊಡುಗೆ ನಡೆಯಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ನವನೀತಂ ಪಿಳ್ಳೆ ಆ ವರ್ಷದ ಆಗಸ್ಟ್ 31ರಂದು ಹುದ್ದೆಯಿಂದ ಇಳಿದರು. ಜೂನ್ ತಿಂಗಳ ಮಾನವ ಹಕ್ಕುಗಳ ಮಂಡಳಿಯ ಅಧಿವೇಶನವೇ ಅವರ ಪಾಲಿಗೆ ಕಡೆಯದು. ಆರು ವರ್ಷಗಳ ಕಾಲ ಅವರ ಮೇಲೆ ಒತ್ತಡ ತಂದಿದ್ದ, ಆಗಾಗ ಕಟುವಾಗಿ ಟೀಕಿಸಿಯೂ ಇದ್ದ ಸರಕಾರೇತರ ಸಂಸ್ಥೆಗಳವರು ಆಗ ಅವರಿಗೆ ಕೃತಜ್ಞತೆ ಸಲ್ಲಿಸಿದರು. ಆ ಕೃತಜ್ಞತೆ ಬರಿಯ ಉಪಚಾರವಾಗಿತ್ತೇ ಅಥವಾ ಅದಕ್ಕೆ ಆಧಾರವಿತ್ತೇ ಎಂಬುದು ಇಂದಿನ ವಿಷಯ.

ಪಿಳ್ಳೆಯವರು ಹುಟ್ಟಿದ್ದು 1941ರಲ್ಲಿ, ದಕ್ಷಿಣ ಆಫ್ರಿಕಾದ ಡರ್ಬಾನಿನಲ್ಲಿ. 1860ರಿಂದ ಮದ್ರಾಸಿನ ಬಂದರಿನಿಂದ ಹಡಗು ಹತ್ತಿ ನಟಾಲಿನ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದ ತಮಿಳರ ಸಮುದಾಯದಲ್ಲಿ ಬೆಳೆದವರು. ತಂದೆ ಬಸ್ ಚಾಲಕರು. ಆರು ವರ್ಷದ ಹುಡುಗಿಯಾಗಿದ್ದಾಗ ತಂದೆಯ ಸಂಬಳದ ಹಣ ಅವರ ಕೈಯಿಂದ ಕಳುವಾಯಿತು. ಆ ಪುಟ್ಟ ಬಾಲಕಿ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದಳು, ಕಳ್ಳನಿಗೆ ಶಿಕ್ಷೆಯೂ ಆಯಿತು. ಹಣ ಮಾತ್ರ ಮರಳಿ ಬರಲಿಲ್ಲ. ತಪ್ಪಿತಸ್ಥನಿಗೆ ಶಿಕ್ಷೆಯಾಗುವುದು ಬೇರೆ, ನೊಂದವರಿಗೆ ಪರಿಹಾರ ದೊರೆಯುವುದು ಬೇರೆ ಎಂಬ ಪಾಠ ಅಷ್ಟು ಬೇಗ ಕಲಿತವರು ವಿರಳ. ಮುಂದೆ ಕಾನೂನು ಓದಲು ಊರಿನ ಭಾರತೀಯರೇ ಚಂದಾ ಎತ್ತಿ ಅವರನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಪರಸ್ಥಳದಲ್ಲಿ ನೆಲೆಸಿದ ಸಮುದಾಯಗಳ ವಿದ್ಯಾರ್ಥಿನಿಧಿಗಳಿಗೆ ಕಾಣಿಕೆ ನೀಡುತ್ತ ಬಂದವರು ಈ ಸಭೆಯಲ್ಲಿ ಅನೇಕರಿದ್ದಾರೆ. ಆ ಹಣ ಎಲ್ಲಿಯವರೆಗೆ ಹೋಗಿ ಮುಟ್ಟಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ಓದು ಮುಗಿಸಿದ ಮೇಲೆ ಕೆಲಸ ಸಿಗಲಿಲ್ಲ. ಕರಿಯ ಬಣ್ಣದ ಹೆಣ್ಣೊಬ್ಬಳ ಅಪ್ಪಣೆಯಂತೆ ಬಿಳಿಯ ನೌಕರರು ನಡೆಯುವುದಿಲ್ಲವೆಂದು ಕಚೇರಿಗಳು ಬಾಗಿಲು ಮುಚ್ಚಿದವು. 1967ರಲ್ಲಿ ಅವರು ತಮ್ಮದೇ ವಕೀಲಿ ಕಚೇರಿ ತೆರೆದರು. ನಟಾಲ್ ಪ್ರಾಂತದಲ್ಲಿ ಹಾಗೆ ತೆರೆದ ಮೊದಲನೆಯ ಬಿಳಿಯೇತರ ಮಹಿಳೆ ಅವರೇ. ಪತಿಯನ್ನು ವರ್ಣಭೇದದ ಕಾನೂನಿನಡಿ ಬಂಧಿಸಿದಾಗ ಪೊಲೀಸರು ಕಾನೂನುಬಾಹಿರ ವಿಧಾನಗಳಿಂದ ವಿಚಾರಣೆ ನಡೆಸದಂತೆ ನ್ಯಾಯಾಲಯದಿಂದ ತಡೆ ತಂದರು. 1973ರಲ್ಲಿ ರಾಬೆನ್ ದ್ವೀಪದ ರಾಜಕೀಯ ಕೈದಿಗಳಿಗೆ, ಅವರಲ್ಲಿ ನೆಲ್ಸನ್ ಮಂಡೇಲಾ ಸಹ ಇದ್ದರು, ವಕೀಲರನ್ನು ಕಾಣುವ ಹಕ್ಕನ್ನು ಗೆದ್ದುಕೊಟ್ಟರು. 28 ವರ್ಷ ವಕೀಲಿ ಮಾಡಿದರೂ ಬಣ್ಣದ ಕಾರಣದಿಂದ ನ್ಯಾಯಾಧೀಶರ ಕೊಠಡಿಯೊಳಗೆ ಅವರಿಗೆ ಪ್ರವೇಶವಿರಲಿಲ್ಲ. 1995ರಲ್ಲಿ ಮಂಡೇಲಾ ಅವರನ್ನು ಹೈಕೋರ್ಟಿಗೆ ನೇಮಿಸಿದ ಮೇಲೆ ಅವರು ಮೊದಲ ಸಲ ಕಾಲಿಟ್ಟ ನ್ಯಾಯಾಧೀಶರ ಕೊಠಡಿ ತಮ್ಮದೇ ಆಗಿತ್ತು.

ಅದೇ ವರ್ಷ ರುವಾಂಡಾದ ನರಮೇಧವನ್ನು ವಿಚಾರಿಸುವ ಅಂತಾರಾಷ್ಟ್ರೀಯ ನ್ಯಾಯಮಂಡಳಿಗೆ ಆಯ್ಕೆಯಾದರು. ಅಲ್ಲಿ ಟಾಬಾ ಎಂಬಲ್ಲಿಯ ಮೇಯರ್ ಅಕಾಯೇಸುವಿನ ಮೊಕದ್ದಮೆಯನ್ನು ಕೇಳಿದ ಮೂವರು ನ್ಯಾಯಾಧೀಶರಲ್ಲಿ ಪಿಳ್ಳೆಯವರೊಬ್ಬರೇ ಮಹಿಳೆ. ಮೂಲ ದೋಷಾರೋಪಣೆಯಲ್ಲಿ ಅತ್ಯಾಚಾರದ ಮಾತೇ ಇರಲಿಲ್ಲ. ಸಾಕ್ಷಿ ಹೇಳಲು ಬಂದ ಹೆಂಗಸರ ಬಾಯಿಂದ ಅದು ಹೊರಬಿದ್ದಾಗ ಪೀಠ ಅದನ್ನು ಕೇಳಿಸಿಕೊಂಡಿತು. 1997ರಲ್ಲಿ ಆರೋಪಪಟ್ಟಿ ತಿದ್ದುಪಡಿಯಾಯಿತು. ಅತ್ಯಾಚಾರವೂ ನರಮೇಧದ ಸಾಧನವಾಗಬಲ್ಲದೆಂದು 1998ರ ಸೆಪ್ಟೆಂಬರ್ 2ರಂದು ಜಗತ್ತಿನಲ್ಲಿಯೇ ಮೊದಲ ಬಾರಿಗೆ ಅಂತಾರಾಷ್ಟ್ರೀಯ ನ್ಯಾಯಮಂಡಳಿಯೊಂದು ತೀರ್ಪಿತ್ತಿತು. ಯುದ್ಧದ ಲೂಟಿಯಲ್ಲಿ ಹೆಣ್ಣೂ ಒಂದು ವಸ್ತುವೆಂದು ಎಣಿಸುತ್ತ ಬಂದಿದ್ದ ಬಹು ಹಳೆಯ ರೂಢಿಗೆ ಅಂದು ಪೆಟ್ಟು ಬಿದ್ದಿತು.

2008ರ ಸೆಪ್ಟೆಂಬರಿನಲ್ಲಿ ಹೈಕಮಿಷನರ್ ಆದರು. ಈ ಹುದ್ದೆಯ ಹಣಕಾಸಿನ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಭಾಷಣಗಳಲ್ಲಿ ಇದು ಬರುವುದೇ ಇಲ್ಲ. ವಿಶ್ವಸಂಸ್ಥೆ ಮಾನವ ಹಕ್ಕುಗಳನ್ನು ತನ್ನ ಮೂರು ಆಧಾರಸ್ತಂಭಗಳಲ್ಲಿ ಒಂದೆಂದು ಕರೆಯುತ್ತದೆ. ಆದರೆ ಅದರ ನಿಯತ ಆಯವ್ಯಯದಲ್ಲಿ ಆ ಸ್ತಂಭಕ್ಕೆ ದೊರೆಯುತ್ತಿದ್ದುದು ಸುಮಾರು ಶೇಕಡ 3 ಮಾತ್ರ. ಕಚೇರಿಯ ಖರ್ಚಿನ ಬಹುಭಾಗವನ್ನು ಸರಕಾರಗಳು ಸ್ವಇಚ್ಛೆಯಿಂದ ಕೊಡುವ ದೇಣಿಗೆಯಿಂದ ತುಂಬಿಸಬೇಕು. ಯಾರ ಲೆಕ್ಕವನ್ನು ಪರಿಶೀಲಿಸಬೇಕೋ ಅವರಲ್ಲಿಯೇ ಕೈಯೊಡ್ಡಿ ನಿಲ್ಲಬೇಕಾದ ಪರಿಶೋಧಕನ ಪಾಡು ಅದು. ಅಂಥ ಸ್ಥಿತಿಯಲ್ಲಿ ನಿರ್ಭೀತಿಯಿಂದ ವರದಿ ಬರೆಯುವುದು ಎಷ್ಟು ಕಷ್ಟವೆಂಬುದನ್ನು ವ್ಯವಹಾರ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಹಕ್ಕುಗಳ ಒಪ್ಪಂದಗಳ ಪಾಲನೆಯನ್ನು ನೋಡಿಕೊಳ್ಳುವ ತಜ್ಞ ಸಮಿತಿಗಳ ಮುಂದೆ ವರದಿಗಳ ರಾಶಿ ಬೆಳೆದಿತ್ತು. ಪಿಳ್ಳೆಯವರು ಆರಂಭಿಸಿದ ಸುಧಾರಣೆಯ ಫಲವಾಗಿ 2014ರ ಏಪ್ರಿಲಿನಲ್ಲಿ ಮಹಾಸಭೆ ಒಂದು ನಿರ್ಣಯ ಅಂಗೀಕರಿಸಿತು: ದಾಖಲೆಗಳ ಪದಮಿತಿ ಬಿಗಿಗೊಳಿಸಿ, ಭಾಷಾಂತರದಲ್ಲಿ ಉಳಿದ ಹಣವನ್ನು ಸಮಿತಿಗಳ ಹೆಚ್ಚಿನ ಸಭಾ ದಿನಗಳಿಗೆ ತೊಡಗಿಸುವುದು. ಪತ್ರಿಕೆಗಳಿಗೆ ಇದು ಸುದ್ದಿಯೇ ಅಲ್ಲ. ತಮ್ಮ ದೂರು ಸಮಿತಿಯ ಮುಂದೆ ಬರಲೆಂದು ವರ್ಷಗಟ್ಟಲೆ ಕಾದಿದ್ದವರಿಗೆ ಮಾತ್ರ ಇದರ ಬೆಲೆ ಗೊತ್ತು.

ಶ್ರೀಲಂಕೆಯ ವಿಷಯದಲ್ಲಿ ಅವರ ಪರೀಕ್ಷೆ ನಡೆಯಿತು. 2009ರ ಮೇ ತಿಂಗಳಲ್ಲಿ ಅಂತರ್ಯುದ್ಧ ಮುಗಿದ ಕೂಡಲೇ ಅವರು ಸ್ವತಂತ್ರ ಅಂತಾರಾಷ್ಟ್ರೀಯ ತನಿಖೆ ಕೇಳಿದರು. ಮಂಡಳಿಯು 29 ಮತಗಳಿಂದ ಶ್ರೀಲಂಕಾ ಸರಕಾರಕ್ಕೆ ಅನುಕೂಲವಾದ ನಿರ್ಣಯವನ್ನೇ ಸ್ವೀಕರಿಸಿತು; ಆ 29ರಲ್ಲಿ ಭಾರತದ್ದೂ ಒಂದು. ಪಿಳ್ಳೆಯವರು ಬಿಡಲಿಲ್ಲ. 2013ರ ಆಗಸ್ಟಿನಲ್ಲಿ ಸ್ವತಃ ಅಲ್ಲಿಗೆ ಹೋದರು. ತಮಿಳು ಮೂಲದವರೆಂಬ ಕಾರಣಕ್ಕೆ ಅವರನ್ನು ಹುಲಿಗಳ ಪಕ್ಷಪಾತಿಯೆಂದು ಜರೆದರು. ಒಬ್ಬ ಮಂತ್ರಿಯಂತೂ ಅವರನ್ನು ಮದುವೆಯಾಗಲು ಸಿದ್ಧನೆಂದು ಸಭೆಯಲ್ಲಿ ಹಾಸ್ಯ ಮಾಡಿದ. ತಾವು ದಕ್ಷಿಣ ಆಫ್ರಿಕಾದವರು, ಅದರ ಬಗ್ಗೆ ಹೆಮ್ಮೆಯಿದೆ ಎಂದಷ್ಟೇ ಅವರು ಉತ್ತರಿಸಿದರು. ತಮ್ಮ ಅವಮಾನಕ್ಕಿಂತ ಅವರನ್ನು ಕಾಡಿದ್ದು ಇನ್ನೊಂದು: ಅವರನ್ನು ಕಾಣಲು ಬಂದ ಹಳ್ಳಿಗರ ಮನೆಗಳಿಗೆ ಪೊಲೀಸರು, ಸೈನಿಕರು ಹೋಗಿ ವಿಚಾರಿಸಿದ್ದರು. ಇದನ್ನು ಕೊಲಂಬೊದಲ್ಲಿಯೇ, ಹೊರಡುವ ಮುನ್ನ, ಬಹಿರಂಗವಾಗಿ ಹೇಳಿದರು. 2014ರ ಮಾರ್ಚಿನಲ್ಲಿ 23 ಮತಗಳಿಂದ ಅವರ ಕಚೇರಿಗೇ ತನಿಖೆಯ ಅಧಿಕಾರ ದೊರೆಯಿತು. ಅದಕ್ಕೆ ಮುಂಚಿನ ಎರಡು ವರ್ಷ ಅಲ್ಲಿಯ ಹೊಣೆಗಾರಿಕೆಯ ನಿರ್ಣಯಗಳ ಪರ ಮತ ಹಾಕಿದ್ದ ಭಾರತ ಈ ಸಲ ತಟಸ್ಥವಾಯಿತು.

ಭಾರತಕ್ಕೂ ಅವರು ಅಪ್ರಿಯ ಮಾತು ಹೇಳಿದವರೇ. 2009ರ ಮಾರ್ಚಿನಲ್ಲಿ ದೆಹಲಿಗೆ ಬಂದಾಗ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯಿದೆಯನ್ನು ರದ್ದುಪಡಿಸಬೇಕೆಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಜಾತಿಯ ಗೋಡೆಯನ್ನು ಕೆಡಹಬೇಕೆಂದು ಲೇಖನ ಬರೆದರು. ವರ್ಣಭೇದವನ್ನು ಮೈಮೇಲೆ ಉಂಡವರ ಮಾತನ್ನು ಹೊರಗಿನವರ ಹಸ್ತಕ್ಷೇಪವೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ.

ಅವರ ಲೆಕ್ಕಪತ್ರದಲ್ಲಿ ಖರ್ಚಿನ ಬದಿಯೂ ಇದೆ. 2010ರ ಡಿಸೆಂಬರ್ 10ರಂದು ಚೀನಾದ ಬಂದಿ ಲೇಖಕ ಲಿಯು ಕ್ಸಿಯಾಬೊಗೆ ಓಸ್ಲೊದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪ್ರದಾನವಾದಾಗ, ಜಿನೀವಾದಲ್ಲಿ ಬೇರೆ ಕಾರ್ಯಕ್ರಮವಿದೆಯೆಂದು ಅವರು ಹೋಗಲಿಲ್ಲ. ಖಾಲಿ ಕುರ್ಚಿಯ ಮೇಲೆ ಪ್ರಶಸ್ತಿಪತ್ರವಿಟ್ಟ ಆ ದಿನ ಹೈಕಮಿಷನರ್ ಇಲ್ಲದಿದ್ದುದನ್ನು ಹಕ್ಕುಗಳ ಸಂಘಟನೆಗಳು ಖಂಡಿಸಿದವು. ಖಂಡಿಸಿದ್ದು ಸರಿಯಾಗಿಯೇ ಇತ್ತು. 2012ರಲ್ಲಿ ಅವರ ಅವಧಿ ಮುಂದುವರಿದಾಗ ಪೂರ್ಣ ನಾಲ್ಕು ವರ್ಷಗಳ ಬದಲು ಎರಡೇ ವರ್ಷ ಸಿಕ್ಕಿತು. ಆ ಎರಡು ವರ್ಷಗಳಲ್ಲಿ ಅವರ ದನಿ ತಗ್ಗಲಿಲ್ಲ, ಏರಿತು.

ಕಡೆಗೆ ಸಿರಿಯಾ. 2014ರ ಮೇ 22ರಂದು ಸಿರಿಯಾದ ಪ್ರಕರಣವನ್ನು ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೆ ಒಪ್ಪಿಸುವ ನಿರ್ಣಯಕ್ಕೆ ಭದ್ರತಾ ಮಂಡಳಿಯ 15ರಲ್ಲಿ 13 ಸದಸ್ಯರು ಒಪ್ಪಿದರೂ ರಷ್ಯಾ ಮತ್ತು ಚೀನಾ ವೀಟೊ ಚಲಾಯಿಸಿದವು. ನ್ಯಾಯಾಲಯದ ದಾರಿ ಮುಚ್ಚಿದಾಗ ಉಳಿದದ್ದು ಎಣಿಕೆ. ಅವರ ಕಚೇರಿ ಐದು ಮೂಲಗಳಿಂದ ಬಂದ 3,18,910 ಸಾವಿನ ದಾಖಲೆಗಳನ್ನು ತಾಳೆ ನೋಡಿಸಿತು. ಸತ್ತವರ ಪೂರ್ಣ ಹೆಸರು, ದಿನ, ಸ್ಥಳ ಮೂರೂ ಇದ್ದರೆ ಮಾತ್ರ ಲೆಕ್ಕಕ್ಕೆ. ಒಂದೇ ಸಾವು ಎರಡು ಪಟ್ಟಿಯಲ್ಲಿದ್ದರೆ ಒಮ್ಮೆ ಮಾತ್ರ. ವಿವರ ಸಾಲದ 51,953 ದಾಖಲೆಗಳನ್ನು ಪ್ರತ್ಯೇಕವಾಗಿ ಬದಿಗಿಟ್ಟರು. 2011ರ ಮಾರ್ಚಿನಿಂದ 2014ರ ಏಪ್ರಿಲ್‌ವರೆಗೆ ಉಳಿದ ಸಂಖ್ಯೆ 1,91,369. ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚಿರಬಹುದೆಂದು ಅವರೇ ಎಚ್ಚರಿಸಿದರು. ಓಚರಿಲ್ಲದೆ ಒಂದು ರೂಪಾಯಿಯನ್ನೂ ಖರ್ಚು ಹಾಕದ ಕಟ್ಟುನಿಟ್ಟಿನಿಂದ, ಹೆಸರಿಲ್ಲದೆ ಒಂದು ಹೆಣವನ್ನೂ ಸೇರಿಸದೆ ಮಾಡಿದ ಲೆಕ್ಕ ಇದು. ಅಂದಾಜಿನ ಸಂಖ್ಯೆಯನ್ನು ಅಲ್ಲಗಳೆಯುವುದು ಸರಕಾರಗಳಿಗೆ ಸುಲಭ. ಹೆಸರುಗಳ ಪಟ್ಟಿಯನ್ನು ಅಲ್ಲಗಳೆಯುವುದು ಕಷ್ಟ.

ಆ ಅಂಕಿಯನ್ನು ಅವರು ಪ್ರಕಟಿಸಿದ್ದು ಆಗಸ್ಟ್ 22ರಂದು. ಅದರ ಹಿಂದಿನ ದಿನ ಭದ್ರತಾ ಮಂಡಳಿಯ ಮುಂದೆ ಕಡೆಯ ಬಾರಿ ಮಾತನಾಡುತ್ತ, ಮಂಡಳಿ ಸಕಾಲದಲ್ಲಿ ಸ್ಪಂದಿಸಿದ್ದರೆ ಲಕ್ಷಾಂತರ ಜೀವಗಳು ಉಳಿಯುತ್ತಿದ್ದವೆಂದು, ವೀಟೊ ಅಧಿಕಾರವುಳ್ಳವರ ಎದುರಿನಲ್ಲಿಯೇ ನುಡಿದಿದ್ದರು. ಒಂಬತ್ತು ದಿನಗಳ ಅನಂತರ ಕಚೇರಿಯ ಕಾರ್ಯಭಾರವನ್ನು ಜೋರ್ಡಾನಿನ ಜೈದ್ ರಾದ್ ಅಲ್ ಹುಸೇನ್ ಅವರಿಗೆ ಬಿಟ್ಟುಕೊಟ್ಟು, 73ನೆಯ ವಯಸ್ಸಿಗೆ ಸನಿಹದಲ್ಲಿದ್ದ ಆ ಬಸ್ ಚಾಲಕರ ಮಗಳು ಜಿನೀವಾದಿಂದ ಹೊರಟರು.