ಜಯಪತ್ರ ಮತ್ತು ಶಿಲುಬೆಯ ಯುದ್ಧ



ಕೊಟ್ಟೂರಿನ ಮೂರುಕಲ್ಲು ಮಠ ಒಂದು ಕಾಲಕ್ಕೆ ಜೈನರ ಬಸದಿಯಾಗಿತ್ತು, ಗುರು ಕೊಟ್ಟೂರೇಶ್ವರರು ಜೈನರನ್ನು ವಾದದಲ್ಲಿ ಸೋಲಿಸಿ ಅಲ್ಲಿ ಲಿಂಗ ಇಟ್ಟರು ಎಂಬುದು ನಮ್ಮ ಸೀಮೆಯ ಐತಿಹ್ಯ. ಐತಿಹ್ಯವನ್ನು ಶಾಸನದಂತೆ ಓದಬಾರದು, ನಿಜ. ಆದರೆ ಈ ನಾಡಿನಲ್ಲಿ ಜೈನರ ಪ್ರಾಬಲ್ಯವಿದ್ದದ್ದು ಕಟ್ಟುಕತೆಯಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯಲ್ಲಿ 1055ರ ಶಾಸನವಿದೆ. ಅಲ್ಲಿನ ಬಸದಿಯನ್ನು ಗಂಗರ ದುರ್ವಿನೀತ ಕಟ್ಟಿಸಿದನೆಂದೂ, ಚಾಳುಕ್ಯ ತ್ರೈಲೋಕ್ಯಮಲ್ಲನ ಆಳ್ವಿಕೆಯಲ್ಲಿ ಇಂದ್ರಕೀರ್ತಿ ಮುನಿ ಅದಕ್ಕೆ ದಾನ ಕೊಟ್ಟನೆಂದೂ ಅದು ಹೇಳುತ್ತದೆ.

ಅದೇ ಶತಮಾನದಲ್ಲಿ ಯೂರೋಪಿನ ಚರ್ಚು ಏನು ಮಾಡುತ್ತಿತ್ತು? ರೈತನ ಬೆಳೆಯಲ್ಲಿ ಹತ್ತನೆಯ ಒಂದು ಪಾಲು ಎತ್ತುತ್ತಿತ್ತು. 1077ರ ಚಳಿಗಾಲದಲ್ಲಿ, ಬಹಿಷ್ಕಾರಕ್ಕೊಳಗಾದ ಜರ್ಮನಿಯ ದೊರೆ ನಾಲ್ಕನೆಯ ಹೆನ್ರಿ ಕನೋಸಾ ಕೋಟೆಯ ಬಾಗಿಲಲ್ಲಿ ಮೂರು ದಿನ ನಿಂತು ಪೋಪ್ ಏಳನೆಯ ಗ್ರೆಗರಿಯ ಕ್ಷಮೆ ಬೇಡಿದ. 1095ರಲ್ಲಿ, ಇಲ್ಲಿ ಚಾಳುಕ್ಯ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ, ಪೋಪ್ ಎರಡನೆಯ ಅರ್ಬನ್ ಕ್ಲೆರ್ಮಾಂಟಿನಲ್ಲಿ ಧರ್ಮಯುದ್ಧಕ್ಕೆ ಕರೆ ಕೊಟ್ಟ. ನಾಲ್ಕೇ ವರ್ಷಕ್ಕೆ ಜೆರುಸಲೇಮ್ ಬಿತ್ತು, ಬೀದಿಬೀದಿಯಲ್ಲಿ ಹತ್ಯೆ ನಡೆಯಿತು. 1204ರಲ್ಲಂತೂ ಶಿಲುಬೆ ತೊಟ್ಟ ಸೈನಿಕರು ಕ್ರೈಸ್ತರದೇ ಆದ ಕಾನ್‌ಸ್ಟಾಂಟಿನೋಪಲನ್ನು ಸೂರೆಮಾಡಿದರು!

ನಮ್ಮಲ್ಲಿ ಮತಜಗಳ ಇರಲಿಲ್ಲವೇ? ಇತ್ತು. ಇಲ್ಲಿಂದ ಬಹಳ ದೂರವಲ್ಲದ, ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಓದಿ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ತನ್ನ ತಲೆಯನ್ನೇ ಕತ್ತರಿಸಿಕೊಂಡ, ಏಳು ದಿನಕ್ಕೆ ಮತ್ತೆ ಪಡೆದ. ಜೈನರು ಮಾತಿಗೆ ತಪ್ಪಿದಾಗ ಜಿನಬಿಂಬವನ್ನು ಒಡೆದ. ಪವಾಡವನ್ನು ಬದಿಗಿಡೋಣ. ಮೂರ್ತಿ ಒಡೆದದ್ದನ್ನು ಶಾಸನ ಮುಚ್ಚಿಡುವುದಿಲ್ಲ, ಹೆಮ್ಮೆಯಿಂದಲೇ ಹೇಳುತ್ತದೆ. ಜೈನರು ಕಲ್ಯಾಣದ ದೊರೆ ಬಿಜ್ಜಳನಲ್ಲಿಗೆ ದೂರು ಒಯ್ದರು. ರಾಜ ವಿಚಾರಿಸಿ, ಗೆದ್ದವನು ರಾಮಯ್ಯನೇ ಎಂದು ಅವನಿಗೆ ಜಯಪತ್ರ ಕೊಟ್ಟ.

ನನ್ನ ಕಣ್ಣಿಗೆ ಬೀಳುವುದು ಆ ಜಯಪತ್ರ: ಜಗಳ ತೀರಿಸಿದ್ದು ರಾಜ. ನಮ್ಮ ಮಠ, ದೇವಾಲಯಗಳಿಗೂ ಭೂಮಿಯಿತ್ತು, ಉಂಬಳಿಯಿತ್ತು. ಕಾಳಾಮುಖ ಶೈವ ಯತಿಗಳಿಗೆ ಅರಸರು ಕೈ ಮುಗಿಯುತ್ತಿದ್ದರು. ಆದರೆ ಅವರೆಲ್ಲರ ಮೇಲೆ ಒಬ್ಬ ಪೋಪ್ ಇರಲಿಲ್ಲ. ರಾಜನನ್ನು ಬಹಿಷ್ಕರಿಸಿ, ದೇಶದೇಶದ ಸೈನ್ಯವನ್ನು ಒಂದೇ ಮಾತಿಗೆ ಎಬ್ಬಿಸಬಲ್ಲ ಪೀಠ ಇರಲಿಲ್ಲ. ನಮ್ಮವರು ಹೆಚ್ಚು ಸಾತ್ವಿಕರಾಗಿದ್ದರು ಎಂದು ಬೆನ್ನು ತಟ್ಟಿಕೊಳ್ಳುವವರ ಮಾತು ನಾನು ಒಪ್ಪೆ. ವ್ಯವಸ್ಥೆ ಬೇರೆಯಾಗಿತ್ತು, ಅಷ್ಟೆ.

ರಾಜನ ಮುಂದೆ ಬಂದ ಇನ್ನೊಂದು ಜಗಳ ನೋಡಿ. 1368ರಲ್ಲಿ ಆನೆಗೊಂದಿ ಮೊದಲಾದ ಕಡೆಯ ಜೈನರು ಶ್ರೀವೈಷ್ಣವರ ಮೇಲೆ ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. ರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಅಲ್ಲಿಗೇ ಬಿಡಲಿಲ್ಲ, ಲೆಕ್ಕವನ್ನೂ ಬರೆಸಿದ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು, ತಿರುಮಲೆಯ ತಾತಯ್ಯನೆಂಬವನು ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಾಳು ಇಡಬೇಕು, ಉಳಿದದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಇದನ್ನು ಬರೆದ ಕಲ್ಲು ಇಂದಿಗೂ ಶ್ರವಣಬೆಳಗೊಳದಲ್ಲಿದೆ.

ಕೊಟ್ಟೂರ ತೇರಿಗೆ ಬರುವವರು ಮೂರುಕಲ್ಲು ಮಠಕ್ಕೂ ಹೋಗಿ. ಹಾಗೆಯೇ ಕೋಗಳಿಯ ಬಸದಿಯನ್ನೂ ನೋಡಿ ಬನ್ನಿ.